‘ಫೈಲು ಕೊಳ್ಳೇಗಾಲದಲ್ಲಿದೆ’ ಅಂದ್ರೆ ವಾಪಸ್ ಬರಬೇಕಿಲ್ಲ: 10 ರೂಪಾಯಿ ಅರ್ಜಿಯಲ್ಲಿ ಮಾಹಿತಿ ಕೇಳೋದು ಹೇಗೆ?

ಹನೂರು: ಜಮೀನಿನ ಹಳೇ ಕಡತ ಕೇಳಲು ತಾಲೂಕು ಕಚೇರಿಗೆ ಹೋದರೆ ‘ಅದು ಇಲ್ಲಿಲ್ಲ, ಕೊಳ್ಳೇಗಾಲದಲ್ಲಿ ಕೇಳಿ’ ಅಂತಾರೆ. ಅಲ್ಲಿಗೆ ಹೋದರೆ ‘ನಿಮ್ಮದು ಈಗ ಹನೂರು ತಾಲೂಕು, ಅಲ್ಲೇ ಕೇಳಿ’ ಅಂತಾರೆ. ಇಂಥ ಉತ್ತರ ಸಿಕ್ಕಿದರೆ ಲೊಕ್ಕನಹಳ್ಳಿ, ರಾಮಾಪುರ, ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದ ಬಂದವರಿಗೆ ಬಸ್ ಚಾರ್ಜೂ ಹೋಯ್ತು, ಒಂದು ದಿನದ ಕೂಲಿಯೂ ಹೋಯ್ತು.

ಈ ಅಲೆದಾಟಕ್ಕೆ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಕಲಂನಲ್ಲಿ ಉತ್ತರವಿದೆ. ಕೇಳಿದ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ, ಅರ್ಜಿ ತೆಗೆದುಕೊಂಡ ಅಧಿಕಾರಿಯೇ 5 ದಿನದೊಳಗೆ ಅದನ್ನು ಆ ಕಚೇರಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಅಂದರೆ ಓಡಾಡಬೇಕಾದ್ದು ಅರ್ಜಿ, ಜನರಲ್ಲ.

ನಮ್ಮ ಭಾಗಕ್ಕೆ ಇದು ಯಾಕೆ ಮುಖ್ಯ?

ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಂತರ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯ್ತು. 2018ರಲ್ಲಿ ಹನೂರು ಹೊಸ ತಾಲೂಕಾಯ್ತು. ಇಷ್ಟು ಸಲ ಗಡಿ ಬದಲಾದ ಕಡೆ ಯಾವ ಕಾಗದ ಯಾವ ಬೀರುವಿನಲ್ಲಿದೆ ಅಂತ ಪತ್ತೆ ಮಾಡುವ ಹೊಣೆ ರೈತರ ಮೇಲೆ ಬೀಳಬಾರದು.

ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿತ್ತು. ಈಗ ನಡೆಯುತ್ತಿರುವುದು 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ಕೇಂದ್ರದ ಕಾಯ್ದೆ. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ತಾಲೂಕು ಕಚೇರಿ, ಅರಣ್ಯ ಇಲಾಖೆ ಎಲ್ಲವೂ ಇದರಡಿ ಬರುತ್ತವೆ.

ಅರ್ಜಿ ಹಾಕುವುದು ಹೇಗೆ?

ಕಚೇರಿಯ ‘ಸಾರ್ವಜನಿಕ ಮಾಹಿತಿ ಅಧಿಕಾರಿ’ ಅವರಿಗೆ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟರೆ ಸಾಕು. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಡಬಹುದು, ಇಲ್ಲವೇ ನಗದು ಕಟ್ಟಿ ರಸೀದಿ ಪಡೆಯಬಹುದು. ಬಿಪಿಎಲ್ ಕುಟುಂಬದವರು ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಶುಲ್ಕವಿಲ್ಲ. ನಕಲಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಲಿ. ಇದು ರಾಜ್ಯದ ನಿಯಮ.

‘ಯಾಕೆ ಬೇಕು?’ ಅಂತ ಕೇಳಿದರೆ ಕಾರಣ ಹೇಳಬೇಕಾಗಿಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರೆದುಕೊಳ್ಳಲು ಅಧಿಕಾರಿಯೇ ನೆರವಾಗಬೇಕು.

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಈ ಹಕ್ಕು ಇರುವುದು ನಾಗರಿಕರಿಗೆ. ಹಾಗಾಗಿ ಅಂಗಡಿ ಅಥವಾ ಸಂಘದ ಲೆಟರ್‌ಹೆಡ್ಡಿನಲ್ಲಿ ಕಳಿಸದೆ, ಒಬ್ಬ ವ್ಯಕ್ತಿಯ ಹೆಸರು, ವಿಳಾಸದಲ್ಲಿ ಅರ್ಜಿ ಹಾಕುವುದು ಒಳ್ಳೆಯದು.

ಏನು ಕೇಳಬೇಕು, ಏನು ಕೇಳಬಾರದು?

ಹೆಚ್ಚಿನವರು ಎಡವುವುದು ಇಲ್ಲೇ. ಅಂಗಡಿ ಮುಂದೆ ಚರಂಡಿಗೆ ಅಗೆದು ಹಾಗೇ ಬಿಟ್ಟಿದ್ದಾರೆ ಅಂದುಕೊಳ್ಳಿ. ‘ಕೆಲಸ ಯಾಕೆ ಮುಗಿಸಿಲ್ಲ?’ ಅಂತ ಬರೆದರೆ ಅದು ದೂರು ಆಗುತ್ತೆ, ಮಾಹಿತಿ ಅರ್ಜಿ ಆಗಲ್ಲ. ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕು, ಇಲ್ಲದ್ದನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಅದರ ಬದಲು ಹೀಗೆ ಬರೆಯಿರಿ: ‘ಈ ರಸ್ತೆಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ಕೊಡಿ.’ ಎಷ್ಟು ದಿನದಲ್ಲಿ ಮುಗಿಸಬೇಕಿತ್ತು, ಎಷ್ಟು ಅಳತೆಗೆ ಬಿಲ್ಲಾಗಿದೆ ಅನ್ನೋದು ಆ ಕಾಗದಗಳಲ್ಲೇ ಗೊತ್ತಾಗುತ್ತೆ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಕಾಯ್ದೆಯಲ್ಲಿದೆ.

ಎಲ್ಲವೂ ಸಿಗುತ್ತೆ ಅಂತಲ್ಲ. ಬೇರೆಯವರ ಖಾಸಗಿ ವಿವರ, ತನಿಖೆಗೆ ಅಡ್ಡಿಯಾಗುವಂಥ ಮಾಹಿತಿ ನಿರಾಕರಿಸಬಹುದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಈ ಅರ್ಜಿ ಬೇಡ, ನಾಡಕಚೇರಿಯಲ್ಲೇ ಸಿಗುತ್ತವೆ. ಅವು ತಡವಾದರೆ ಸಕಾಲ ಕಾಯ್ದೆ ಇದೆ.

ಉತ್ತರ ಬರದಿದ್ದರೆ?

30 ದಿನದೊಳಗೆ ಉತ್ತರ ಕೊಡಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು.

ಆಗಲೂ ಕೊಡದಿದ್ದರೆ, ಗಡುವು ಮುಗಿದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು. ಈ ದಂಡ ಅರ್ಜಿದಾರರ ಕೈಗೆ ಬರಲ್ಲ. ನಷ್ಟವಾಗಿದ್ದರೆ ಪರಿಹಾರ ಬೇರೆಯಾಗಿ ಕೇಳಬಹುದು.

ಅರ್ಜಿಯನ್ನೇ ತೆಗೆದುಕೊಳ್ಳಲ್ಲ ಅಂದರೆ ಜಗಳ ಬೇಡ. ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅರ್ಜಿ ನಿರಾಕರಿಸಿದ್ದಕ್ಕೆ ಆಯೋಗಕ್ಕೆ ನೇರವಾಗಿ ದೂರು ಕೊಡಲೂ ಅವಕಾಶವಿದೆ.

ಕೈಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. 30 ದಿನದ ಲೆಕ್ಕ ಶುರುವಾಗೋದು ಆ ತಾರೀಖಿನಿಂದಲೇ.