ಬೆಳಕಿಗೆ ಹಿಡಿದ ಕಿವಿ

ಉಪ್ಪಾರಹಳ್ಳಿ ಮೇಲ್ಸೇತುವೆ ಇಳಿದು ಒಳರಸ್ತೆಗೆ ತಿರುಗಿದರೆ ಬೆಳಗಿನ ಹೊತ್ತು ಸ್ಕೂಲ್ ವ್ಯಾನುಗಳ ಹಾರ್ನು, ಬೆಂಗಳೂರು ಕಡೆಗೆ ಹೊರಟ ರೈಲಿನ ಸದ್ದು. ಆ ಗದ್ದಲದ ನಡುವೆ ಒಂದು ಮನೆ ಬಾಗಿಲಿಗೆ ಹಸಿ ಮಾವಿನೆಲೆ ಕಟ್ಟಿದೆ. ಒಳಗಿನ ಏಳು ತಿಂಗಳ ಹೆಣ್ಣುಕೂಸಿಗೆ ಇವತ್ತು ಕಿವಿ ಚುಚ್ಚಿಸುತ್ತಾರೆ.

ಸಿದ್ಧತೆ ಶುರುವಾಗಿ ಬಹಳ ದಿನವಾಯಿತು. ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ಮುಡಿ ಕೊಟ್ಟು ಬಂದ ಮೇಲೆ ಅಜ್ಜಿ ಒಂಟಿಕೊಪ್ಪಲು ಪಂಚಾಂಗ ಹಿಡಿದು ಕೂತರು, ಸೊಸೆ ಲಸಿಕೆ ಕಾರ್ಡು ಹಿಡಿದು ಕೂತಳು. 6, 10, 14ನೇ ವಾರಗಳಲ್ಲಿ ಕೊಡುವ ಪೆಂಟಾವಲೆಂಟ್ ಲಸಿಕೆಯಲ್ಲಿ ಧನುರ್ವಾಯುವಿನ ಮದ್ದೂ ಸೇರಿರುತ್ತದೆ. ಮೂರೂ ಆಗಿದೆಯೆಂದು ಖಾತ್ರಿಯಾಯಿತು. ಅತ್ತೆಯ ಪುಸ್ತಕವೂ ಸೊಸೆಯ ಕಾರ್ಡೂ ಒಪ್ಪಿದ ದಿನ ಇದು. ಹಾಗೆ ಕೂಡಿಬಂದ ಮುಹೂರ್ತ ನನಗೆ ಬಹಳ ಇಷ್ಟ.

ಸೋದರಮಾವ ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದಿದ್ದಾನೆ. ಮಗು ಕೂರಬೇಕಾದದ್ದು ಅವನ ತೊಡೆಯ ಮೇಲೆ. ಅವನ ಮುಖದಲ್ಲೇ ಹೆಚ್ಚು ಅಂಜಿಕೆ.

"ನೀನೇ ಹಿಂಗೆ ಬೆವೆತ್ರೆ ಹೆಂಗೋ? ಗಟ್ಟಿಯಾಗಿ ಹಿಡ್ಕೊ, ಆದ್ರೆ ನೋಯಿಸ್ಬೇಡ," ಎಂದು ಅವನ ತಾಯಿ ಹೇಳುತ್ತಾರೆ.

ಮಣೆ, ಹರಿವಾಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ ಅಡಿಕೆ. ಪಕ್ಕದಲ್ಲಿ ಸಾಬೂನು, ಮುಚ್ಚಿಟ್ಟ ಕುದಿನೀರು, ಸ್ಪಿರಿಟ್, ಒಡೆಯದ ಪ್ಯಾಕೆಟ್ಟಿನ ಹತ್ತಿ. ಅಕ್ಕಸಾಲಿ ಆಚಾರ್ರು ಬಂದವರೇ ಚಿನ್ನದ ತಂತಿ ಬಿಚ್ಚುತ್ತಾರೆ. ಒಂದು ತುದಿಯನ್ನು ಅರದಲ್ಲಿ ಉಜ್ಜಿ ಸೂಜಿಯಂತೆ ಚೂಪು ಮಾಡಿದ್ದಾರೆ. ಅದೇ ಚುಚ್ಚುತ್ತದೆ, ಅದೇ ಬಾಗಿ ಓಲೆಯೂ ಆಗುತ್ತದೆ. ಅಗ್ಗದ ಓಲೆಗಳಲ್ಲಿ ಬೆರೆಸುವ ನಿಕ್ಕಲ್ ಎಳೆಚರ್ಮಕ್ಕೆ ತುರಿಕೆ ತರಬಲ್ಲದು. ಅದಕ್ಕೇ ಮೊದಲ ತಂತಿ ಚಿನ್ನದ್ದಾದರೆ ಒಳ್ಳೆಯದು.

"ಆಚಾರ್ರೇ, ಕೈ ತೊಳ್ಕೊಂಡು, ಆ ತಂತೀನೂ ಒಂದ್ಸಲ ಕುದಿನೀರಿಗೆ ಹಾಕ್ಬಿಡಿ," ಎನ್ನುತ್ತಾಳೆ ತಾಯಿ.

"ಹಾಕಣ ಕಣಮ್ಮ, ಅದಕ್ಕೇನಂತೆ."

ಈ ಮಾತು ಕೇಳಲು ಯಾವ ತಾಯಿಯೂ ಸಂಕೋಚ ಪಡಬಾರದು.

ಆಮೇಲಿನ ಕೆಲಸ ನೋಡುವಂಥದು. ಮಗುವನ್ನು ಹೊಸಿಲ ಬಳಿ ಎಳೆಬಿಸಿಲಿಗೆ ತರುತ್ತಾರೆ. ಆಚಾರ್ರು ಎಡಗೈ ಬೆರಳುಗಳಲ್ಲಿ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯುತ್ತಾರೆ. ಹಾಲೆ ಚಿಗುರಿನಂತೆ ಕೆಂಪಗೆ ಹೊಳೆದು, ನರಗಳು ಗೆರೆಗೆರೆಯಾಗಿ ಕಾಣುತ್ತವೆ. ಆ ಗೆರೆಗಳ ನಡುವೆ ಒಂದು ತಿಳಿಯಾದ ಜಾಗ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಹೇಳುವುದೂ ಇದನ್ನೇ: ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿ, ಆಟಿಕೆ ತೋರಿಸಿ ರಮಿಸಿ, ಬಿಸಿಲಲ್ಲಿ ಹೊಳೆಯುವ ಸಹಜ ರಂಧ್ರದ ಜಾಗ ನೋಡಿ ನೇರವಾಗಿ ಚುಚ್ಚಬೇಕು. ಗಂಡಿಗೆ ಬಲಗಿವಿ ಮೊದಲು, ಹೆಣ್ಣಿಗೆ ಎಡಗಿವಿ. ರಕ್ತ ಹೆಚ್ಚು ಬಂದರೆ, ನೋವು ಹೆಚ್ಚಾದರೆ ಜಾಗ ತಪ್ಪಿತೆಂದು ಅರ್ಥ. ಈ ಆಚಾರ್ರು ಆ ಗ್ರಂಥ ಓದಿದವರಲ್ಲ. ಅಪ್ಪನ ಪಕ್ಕ ಕೂತು ಕಲಿತವರು.

ಎರಡೂ ಹಾಲೆಗೆ ಪೆನ್ನಿನಿಂದ ಚುಕ್ಕೆ ಇಡುತ್ತಾರೆ. ಗಿಲಕಿ ಆಡಿಸಿ ಮಗು ನೇರ ನೋಡುವಂತೆ ಮಾಡಿ, ಹಿಂದೆ ಸರಿದು ಅಳೆಯುತ್ತಾರೆ. ಬಲಗಡೆಯದು ಕೂದಲೆಳೆಯಷ್ಟು ಕೆಳಗೆ. ಒರೆಸಿ ಮತ್ತೆ ಇಡುತ್ತಾರೆ. ಯಾರೂ ಅವಸರ ಮಾಡುವುದಿಲ್ಲ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ; ಈಗಿನ ತಪ್ಪು ಜುಮುಕಿ ಹಾಕುವ ವಯಸ್ಸಿಗೆ ಎದ್ದು ಕಾಣುತ್ತದೆ.

ಅಂಗಡಿಗಳಲ್ಲಿ ಗನ್ ಹಿಡಿದು ಒಂದೇ ಏಟಿಗೆ ಮುಗಿಸುವುದುಂಟು. ಅದರಲ್ಲಿ ಮೊಂಡು ತುದಿಯ ಟಿಕ್ಕಿಯನ್ನು ಸ್ಪ್ರಿಂಗು ಒತ್ತಿ ತೂರಿಸುತ್ತದೆ. ಪ್ಲಾಸ್ಟಿಕ್ಕಿನ ಗನ್ನನ್ನು ಆಸ್ಪತ್ರೆಯ ಸಲಕರಣೆಯಂತೆ ಹಬೆಯ ಯಂತ್ರಕ್ಕೆ ಹಾಕಿ ಶುದ್ಧ ಮಾಡಲಾಗದು. ಕಿವಿಯ ಮೇಲಿನ ಗಟ್ಟಿ ಭಾಗಕ್ಕಂತೂ ಅದು ಬೇಡವೇ ಬೇಡ. ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಪರಿಚಯದ ಆಚಾರ್ರು ಸಿಗದಿದ್ದರೆ ಹೊಸ ಸೂಜಿಯಲ್ಲಿ ಚುಚ್ಚುವ ವೈದ್ಯರ ಬಳಿ ಹೋಗುವುದು ಮೇಲು.

ಸೋದರಮಾವ ತೋಳು ಬಿಗಿ ಮಾಡುತ್ತಾನೆ. ಎಡಗಿವಿ. ಅಳು ಕೇಳುವಷ್ಟರಲ್ಲಿ ತಂತಿ ಬಾಗಿದೆ. ಬಲಗಿವಿಯ ಹೊತ್ತಿಗೆ ಮಗುವಿಗೆ ಎಲ್ಲ ಗೊತ್ತಾಗಿ ತಲೆ ಕೊಡವುತ್ತದೆ. ತಾಯಿ ಹಣೆಗೆ ಹಣೆ ಒತ್ತಿ ಹಿಡಿಯುತ್ತಾಳೆ. ಆಮೇಲೆ ಎದೆಹಾಲು, ಬಿಕ್ಕಳಿಕೆ, ಅಜ್ಜಿಯ ಆರತಿ.

ಅಜ್ಜಿ ಅರಿಶಿನ ಎಣ್ಣೆ ತರುತ್ತಾರೆ. ಸೊಸೆ ಬೇಡವೆನ್ನುವ ಮೊದಲೇ ಆಚಾರ್ರು ತಡೆಯುತ್ತಾರೆ: "ಅರಿಶಿನ ಹಚ್ಬೇಡಿ ಅಮ್ಮೋರೆ, ಗಾಯಕ್ಕೆ ಅಂಟಿ ಕೂರುತ್ತೆ. ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಒರೆಸಿ ಸಾಕು. ತಂತಿ ತಿರುಗಿಸ್ಲೂಬೇಡಿ." ಹಾಲೆ ಮಾಯಲು ಆರರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ಕುಲಾವಿ ಕಟ್ಟುವಂತಿಲ್ಲ, ಕತ್ತು ಬಿಗಿಯಾದ ಅಂಗಿ ತೊಡಿಸುವಂತಿಲ್ಲ. ಊತ, ಕೀವು, ಜ್ವರ ಕಂಡರೆ ನೇರ ಡಾಕ್ಟರ ಹತ್ತಿರ.

ಹರಿವಾಣವನ್ನು ದಕ್ಷಿಣೆ ಸಮೇತ ಆಚಾರ್ರ ಮುಂದಿಟ್ಟಾಗ ಸೋದರಮಾವ ಕೇಳುತ್ತಾನೆ, "ಮೂಗು ಯಾವಾಗ?"

"ಅದನ್ನ ಅವಳೇ ಹೇಳ್ಲಿ," ಎನ್ನುತ್ತಾಳೆ ಅಕ್ಕ.