ಸೊಳ್ಳೆ ಮಷಿನ್ ಮನೆಯೊಳಗೆ, ಸೊಳ್ಳೆಯ ಮನೆ ಹೊರಗೆ

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ಸೊಳ್ಳೆ ಗ್ಯಾಜೆಟ್‌ಗಳ ಸೀಸನ್ನೂ ಶುರು. ಯುವಿ ದೀಪದ ಟ್ರ್ಯಾಪ್, ಅಲ್ಟ್ರಾಸಾನಿಕ್ ಪ್ಲಗ್, ಎಲೆಕ್ಟ್ರಿಕ್ ಬ್ಯಾಟ್. ಮಣಿಪಾಲದ ಹಾಸ್ಟೆಲ್ ರೂಮಿಂದ ಕಾರ್ಕಳದ ತೋಟದ ಮನೆಯವರೆಗೆ ಯಾವುದಾದರೊಂದು ಕಾಣಸಿಗುತ್ತೆ. ನಾನು ಓದಿದ್ದೂ ಇಂಜಿನಿಯರಿಂಗೇ, ಗ್ಯಾಜೆಟ್ ಮೇಲೆ ದ್ವೇಷವಿಲ್ಲ. ಆದರೆ ಇವು ಕೆಲಸ ಮಾಡ್ತವಾ?

ಅಲ್ಟ್ರಾಸಾನಿಕ್ ಪ್ಲಗ್ ಮಾಡಲ್ಲ. 2007ರ ಕಾಕ್ರೇನ್ ವಿಮರ್ಶೆ 10 ಕ್ಷೇತ್ರ ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಆ ಶಬ್ದದಿಂದ ಕಡಿತ ಕಡಿಮೆಯಾದ ಪುರಾವೆ ಸಿಗಲಿಲ್ಲ.

ನೀಲಿ ದೀಪದ ಕಥೆ ಇನ್ನೂ ವಿಚಿತ್ರ. ಅಮೆರಿಕದ ಡೆಲವೇರ್‌ನಲ್ಲಿ ಮನೆಯಂಗಳದ ಇಂಥ ಯಂತ್ರಗಳಲ್ಲಿ ಸತ್ತ ಹುಳಗಳನ್ನು ಎಣಿಸಿದರು. ಒಟ್ಟು 13,789. ಅದರಲ್ಲಿ ರಕ್ತ ಹೀರುವವು ಬರೀ 31! ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ, ಮೈಶಾಖದಿಂದ. ದೀಪಕ್ಕೆ ಬಿದ್ದು ಸಾಯುವವು ಹೆಚ್ಚಾಗಿ ಪತಂಗ, ಜೀರುಂಡೆಯಂಥ ಪಾಪದ ಹುಳಗಳು.

ಬ್ಯಾಟ್ ಖಂಡಿತ ಕೊಲ್ಲುತ್ತೆ, ಎದುರಿಗೆ ಬಂದ ಒಂದನ್ನು. ಆದರೆ ಹೆಣ್ಣು ಈಡಿಸ್ ಸೊಳ್ಳೆ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಡುತ್ತೆ. ಫಾಗಿಂಗ್‌ ಕೂಡ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತೆ, ನೀರಲ್ಲಿರುವ ಮರಿಗಳನ್ನಲ್ಲ.

ಹಾಗಾದ್ರೆ ಹುಟ್ಟೋದೆಲ್ಲಿ?

ಉಡುಪಿಯ ತಾರಸಿಗಳ ಮೇಲೆ ಮುಚ್ಚಳವಿಲ್ಲದ ಟ್ಯಾಂಕಿಯಲ್ಲಿ. ಮಣಿಪಾಲದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳ ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಲ್ಲಿ. ಕಾರ್ಕಳದ ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಮರದ ಚಿಪ್ಪುಗಳಲ್ಲಿ. ಕಾಪುವಿನ ಕಡಲತೀರದಲ್ಲಿ ಮಳೆಗಾಲಕ್ಕೆಂದು ದೋಣಿಗೆ ಹೊದಿಸಿದ ಟಾರ್ಪಾಲಿನ ಮಡಿಕೆಯಲ್ಲಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನೋದು ಅದಕ್ಕೇ.

ಕೆಲಸ ಮಾಡಿದ ಟೆಕ್ನಾಲಜಿ

ನಿಜವಾದ ಹೈಟೆಕ್ ಉದಾಹರಣೆ ಪಕ್ಕದಲ್ಲೇ ಇದೆ. 2015ರಲ್ಲಿ ಮಂಗಳೂರು ಮಲೇರಿಯಾ ನಿಯಂತ್ರಣವನ್ನು ಡಿಜಿಟಲ್ ಮಾಡಿತು. ಲ್ಯಾಬಲ್ಲಿ ಮಲೇರಿಯಾ ಪತ್ತೆಯಾದರೆ ಮಾಹಿತಿ ಕ್ಷೇತ್ರ ಸಿಬ್ಬಂದಿಯ ಟ್ಯಾಬ್ಲೆಟ್‌ಗೆ ಹೋಗುತ್ತೆ. ಅವರು ರೋಗಿಯ ಮನೆಗೆ ಹೋಗಿ, ಸುತ್ತಮುತ್ತ ಸೊಳ್ಳೆ ಹುಟ್ಟುವ ತಾಣ ಹುಡುಕಿ, ಮಾಡಿದ ಕೆಲಸವನ್ನು ಅದರಲ್ಲೇ ದಾಖಲಿಸಬೇಕು. ಐದು ವರ್ಷದಲ್ಲಿ ಮಲೇರಿಯಾ ಪ್ರಕರಣಗಳು 83% ಇಳಿದವು.

ಡೆಂಗಿಗೆ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಈಡಿಸ್ ಸೊಳ್ಳೆಗಳನ್ನು ಊರಿಗೆ ಬಿಡುವ ವಿಧಾನವಿದೆ. ಇವು ವೈರಸ್ಸನ್ನು ಸುಲಭವಾಗಿ ಹರಡಲಾರವು. ಇಂಡೋನೇಷ್ಯಾದ ಯೋಗ್ಯಕರ್ತಾದ ಪ್ರಯೋಗದಲ್ಲಿ ಡೆಂಗಿ 77% ಇಳಿಯಿತು. ಪುದುಚೇರಿಯ ಐಸಿಎಂಆರ್ ಕೇಂದ್ರವೂ ಇಂಥ ತಳಿ ಸಿದ್ಧಪಡಿಸಿದೆ.

ಎರಡರಲ್ಲೂ ಒಂದು ಸಾಮ್ಯ ಗಮನಿಸಿ. ಇವು ಅಂಗಡಿಯಲ್ಲಿ ಸಿಗಲ್ಲ. ಇಡೀ ಊರು, ಸರ್ಕಾರ ಸೇರಿದರಷ್ಟೇ ನಡೆಯುತ್ತವೆ.

ಕೇಳಬೇಕಾದ ಪ್ರಶ್ನೆ

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರದ ಮನೆಗೆ 400 ರೂಪಾಯಿ, ಕಟ್ಟಡ ನಿರ್ಮಾಣದ ಜಾಗಕ್ಕೆ 2,000. ಕೋಟಿಗಟ್ಟಲೆ ಬೆಲೆಯ ಪ್ರಾಜೆಕ್ಟಿಗೆ 2,000 ಒಂದು ದಂಡವಾ? ಅದನ್ನಾದರೂ ಎಷ್ಟು ಬಿಲ್ಡರ್‌ಗಳಿಂದ ವಸೂಲಿ ಮಾಡಿದ್ದೀರಿ ಅಂತ ನಿಮ್ಮ ನಗರಸಭೆಯನ್ನೋ ಪಂಚಾಯಿತಿಯನ್ನೋ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಶುಲ್ಕ ಬರೀ 10 ರೂಪಾಯಿ, ಯಾವ ಬ್ಯಾಟಿಗಿಂತಲೂ ಅಗ್ಗ.