ಗಡ್ಡದ ಓತಿಯ ಗಾಜಿನ ಮನೆ

ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಚಳಿಗಾಲದ ಮುಂಜಾನೆ ಹೊಲದ ಕಡೆಗೆ ನಡೆದವರು ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡಿರಬಹುದು. ಬಿಸಿಲು ಏರುತ್ತಿದ್ದಂತೆ ಅದು ಗೂಟದ ತುದಿಗೆ ಬಂದು, ಮೈಯನ್ನು ಚಪ್ಪಟೆ ಮಾಡಿಕೊಂಡು, ಸೂರ್ಯನಿಗೆ ಬೆನ್ನೊಡ್ಡಿ ಕುಳಿತುಕೊಳ್ಳುವುದು. ಆಗ ಅದರ ಬಣ್ಣ ಕಂದು. ಮೈ ಕಾದ ಮೇಲೆ ಬಣ್ಣ ತಿಳಿಯಾಗುವುದು. ನಡುಹಗಲಿನಲ್ಲಿ ಗೂಟ ಬರಿದಾಗಿ, ಪ್ರಾಣಿಯು ನೆರಳನ್ನು ಸೇರಿರುವುದು.

ಇಂತಹ ಪ್ರಾಣಿಗಳನ್ನು ಶೀತರಕ್ತ ಪ್ರಾಣಿಗಳೆಂದು ಕರೆಯುವುದು ವಾಡಿಕೆ. ಹೆಸರು ಅಷ್ಟು ಸಮಂಜಸವಲ್ಲ. ಬಿಸಿಲು ಕಾಯಿಸಿಕೊಂಡ ಓತಿಯ ರಕ್ತವು ನಮ್ಮ ರಕ್ತದಷ್ಟೇ ಬಿಸಿಯಾಗಿರಬಹುದು. ವ್ಯತ್ಯಾಸವಿಷ್ಟೆ: ನಾವು ಶಾಖವನ್ನು ಮುಖ್ಯವಾಗಿ ಆಹಾರದಿಂದ ಮೈಯೊಳಗೇ ಉತ್ಪಾದಿಸುವೆವು, ಅದು ಹೊರಗಿನಿಂದ ಪಡೆಯುವುದು. ಬಿಸಿಲಿಗೂ ನೆರಳಿಗೂ ಹೋಗಿಬರುವ ಸ್ವಾತಂತ್ರ್ಯವೇ ಅದರ ಉಷ್ಣನಿಯಂತ್ರಣದ ಯಂತ್ರ. ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಏನಾದೀತು?

ಈ ಪ್ರಶ್ನೆ ಇಂದು ಕೇವಲ ಶಾಸ್ತ್ರೀಯವಾದುದಲ್ಲ. ಆಸ್ಟ್ರೇಲಿಯದ ಒಳನಾಡಿನ ಒಣ ಬಯಲುಗಳ ಬಿಯರ್ಡೆಡ್ ಡ್ರ್ಯಾಗನ್ ಎಂಬ ಪ್ರಾಣಿಯನ್ನು ನಮ್ಮ ನಗರಗಳಲ್ಲಿಯೂ ಸಾಕುವವರುಂಟು. ಇದನ್ನು ಗಡ್ಡದ ಓತಿ ಎನ್ನೋಣ. ಇದು ನಮ್ಮ ಓತಿಕ್ಯಾತದ ಅಗಾಮಿಡೇ ಕುಟುಂಬಕ್ಕೇ ಸೇರಿದುದು. ಬೆದರಿದಾಗ ಗಂಟಲಿನ ಮುಳ್ಳು ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಆ ಹೆಸರು. ಗಾಜಿನ ಪೆಟ್ಟಿಗೆಯಲ್ಲಿ ಇದಕ್ಕೆ ಬೇಲಿಯೂ ಇಲ್ಲ, ನೆರಳೂ ಇಲ್ಲ; ಎರಡನ್ನೂ ಸಾಕುವವನೇ ಒದಗಿಸಬೇಕು.

ಆದುದರಿಂದ ಪೆಟ್ಟಿಗೆಯನ್ನೆಲ್ಲ ಒಂದೇ ಸಮನೆ ಬಿಸಿಮಾಡುವುದು ತಪ್ಪು. ಸುಮಾರು ನಾಲ್ಕು ಅಡಿ ಉದ್ದದ ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ದೀಪವಿಟ್ಟು, ಅದರ ಕೆಳಗಿನ ಕಲ್ಲು 40 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯುವಂತೆಯೂ, ಇನ್ನೊಂದು ತುದಿ 26ರ ಆಸುಪಾಸಿನಲ್ಲಿರುವಂತೆಯೂ ಮಾಡಬೇಕು. ಪ್ರಾಣಿಯು ಇವೆರಡರ ನಡುವೆ ಓಡಾಡಿ ತನ್ನ ಮೈಯನ್ನು 35-36 ಡಿಗ್ರಿಯಲ್ಲಿಟ್ಟುಕೊಳ್ಳುವುದು. ರಾಣೆಬೆನ್ನೂರಿನ ಕಡೆಯ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕೋಣೆಯೇ 36 ಡಿಗ್ರಿಗೆ ಏರಿದರೆ ತಂಪಾದ ತುದಿ ಎಂಬುದೇ ಉಳಿಯುವುದಿಲ್ಲ. ಅಂದು ದೀಪವನ್ನು ಆರಿಸುವುದೇ ಸರಿ. ದೀಪದ ಖರ್ಚು ಉಳಿಸಲು ಪೆಟ್ಟಿಗೆಯನ್ನು ಬಿಸಿಲಿನಲ್ಲಿಡುವವರುಂಟು. ಗಾಜಿನೊಳಗೆ ಕಾದ ಗಾಳಿ ಹೊರಹೋಗಲಾರದೆ ಪೆಟ್ಟಿಗೆಯು ಸ್ವಲ್ಪ ಹೊತ್ತಿನಲ್ಲಿಯೇ ಒಲೆಯಾಗುವುದು. ಮೇಲಾಗಿ, ಚರ್ಮದಲ್ಲಿ ಡಿ ಜೀವಸತ್ತ್ವವನ್ನು ಉಂಟುಮಾಡುವ ನೇರಳಾತೀತ ಕಿರಣಗಳನ್ನು ಗಾಜು ತಡೆಯುವುದು. ಆ ಜೀವಸತ್ತ್ವವಿಲ್ಲದಿದ್ದರೆ ಮೂಳೆಗಳು ಮೆದುವಾಗುವುವು. ಇದಕ್ಕಾಗಿ ಬೇರೆ ದೀಪವೇ ಬೇಕು.

ಬಿಸಿಗಿಂತ ತೇವದ ಲೆಕ್ಕ ಹೆಚ್ಚು ಸ್ವಾರಸ್ಯವಾದುದು. ಗಡ್ಡದ ಓತಿಗೆ ಶೇಕಡ 30ರಿಂದ 40ರಷ್ಟು ಸಾಪೇಕ್ಷ ಆರ್ದ್ರತೆ ಹಿತ. ಹಾವೇರಿಯ ಶ್ರಾವಣಮಾಸದಲ್ಲಿ, ಜಡಿಮಳೆ ಹಿಡಿದಾಗ, ಹವೆಯ ಆರ್ದ್ರತೆ ಶೇಕಡ 90ನ್ನೂ ಮುಟ್ಟಬಲ್ಲುದು. ಹಾಗಾದರೆ ಮಳೆಗಾಲದಲ್ಲಿ ಇದನ್ನು ಸಾಕುವುದೇ ಅಸಾಧ್ಯವೆ?

ಸಾಪೇಕ್ಷ ಎಂಬ ಮಾತನ್ನು ಗಮನಿಸಬೇಕು. 24 ಡಿಗ್ರಿಯ ಒಂದು ಘನಮೀಟರ್ ಹವೆಯು ಹೆಚ್ಚೆಂದರೆ ಸುಮಾರು 22 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. 35 ಡಿಗ್ರಿಯ ಹವೆ ಸುಮಾರು 40 ಗ್ರಾಂ. ಈಗ ಹವೆಯಲ್ಲಿ 20 ಗ್ರಾಂ ಆವಿ ಇದೆ ಎನ್ನೋಣ. ತಂಪಾದ ತುದಿಯಲ್ಲಿ ಆರ್ದ್ರತೆ ಶೇಕಡ 90ರಷ್ಟಾಯಿತು, ದೀಪದ ಕೆಳಗೆ 50 ಮಾತ್ರ. ಒಂದು ಹನಿ ನೀರನ್ನೂ ತೆಗೆಯದೆ, ಬಿಸಿಯೊಂದರಿಂದಲೇ ಹವೆ ಒಣಗಿತು! ಆರ್ದ್ರತಾಮಾಪಕವನ್ನು ಎಲ್ಲಿ ತೂಗುಹಾಕಿದೆ ಎಂದು ತಿಳಿಯದೆ ಅದರ ಅಂಕಿಯನ್ನು ನಂಬುವಂತಿಲ್ಲ.

ಕಾಲೇಜು ವಿದ್ಯಾರ್ಥಿಗಳು ಇದನ್ನು ಎರಡು ಉಷ್ಣಮಾಪಕಗಳಿಂದಲೇ ಪರೀಕ್ಷಿಸಬಹುದು. ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಮೆಲ್ಲಗೆ ಗಾಳಿ ಬೀಸಿದರೆ, ನೀರು ಆವಿಯಾಗುವುದರಿಂದ ಅದರ ಅಂಕಿ ಇಳಿಯುವುದು. ಮೇಲೆ ಹೇಳಿದ ತಂಪಾದ ತುದಿಯಲ್ಲಿ ಎರಡರ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು; ಬಿಸಿಯ ತುದಿಯಲ್ಲಿ ಸುಮಾರು ಒಂಬತ್ತು.

ನಿಜವಾದ ಅಪಾಯವಿರುವುದು ರಾತ್ರಿಯಲ್ಲಿ. ದೀಪ ಆರಿದೊಡನೆ ಚಳಿ, ತೇವ ಎರಡೂ ಕೂಡಿಬರುವುವು. ಶ್ವಾಸಕೋಶದ ರೋಗಕ್ಕೆ ಇದೇ ಹಾದಿ. ಆಗ ಬೆಚ್ಚಗಿರಲೆಂದು ಪೆಟ್ಟಿಗೆಯ ಜಾಲರಿಗೆ ಬಟ್ಟೆ ಮುಚ್ಚುವುದು ಸಹಜವಾದ ಮೋಹ, ಆದರೆ ಕೆಟ್ಟ ಉಪಾಯ. ಪ್ರಾಣಿಯ ಉಸಿರಿನ ಮತ್ತು ಸೊಪ್ಪಿನ ತೇವವೆಲ್ಲ ಒಳಗೇ ಉಳಿಯುವುದು. ಒದ್ದೆ ಹವೆಯಲ್ಲಿ ಒತ್ತಾಗಿ ರಾಶಿಮಾಡಿದ ಮೆಣಸಿನಕಾಯಿಗೆ ಬೂಸ್ಟು ಹಿಡಿಯುವುದನ್ನು ಬ್ಯಾಡಗಿಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾಲರಿಯನ್ನು ತೆರೆದಿಟ್ಟು, ಬೆಳಕು ಬೀರದ ಪಿಂಗಾಣಿಯ ಶಾಖೋಪಕರಣದಿಂದ 22 ಡಿಗ್ರಿಯ ಹವೆಯನ್ನು 26ಕ್ಕೆ ಏರಿಸಿದರೆ, ಶೇಕಡ 90ರ ಆರ್ದ್ರತೆ 70ರ ಸಮೀಪಕ್ಕೆ ಇಳಿಯುವುದು. ನೀರಿನ ಬಟ್ಟಲನ್ನು ದೀಪದಿಂದ ದೂರವಿಟ್ಟು, ತಿಂದುಳಿದ ಸೊಪ್ಪನ್ನು ಸಂಜೆಯೇ ತೆಗೆದುಬಿಡಬೇಕು.

ಉಪಕರಣಗಳ ಜೊತೆಗೆ ಪ್ರಾಣಿಯನ್ನೂ ನೋಡುತ್ತಿರಬೇಕು. ದೀಪದ ಕೆಳಗೆ ಕುಳಿತು ಬಾಯಿ ತೆರೆದರೆ, ಮೈ ಸಾಕಷ್ಟು ಕಾದು ಹೆಚ್ಚಿನ ಬಿಸಿಯನ್ನು ಹೊರಬಿಡುತ್ತಿದೆ ಎಂದರ್ಥ, ಗಾಬರಿ ಬೇಡ. ತಂಪಾದ ತುದಿಗೆ ಸರಿದ ಮೇಲೂ ಬಾಯಿ ತೆರೆದೇ ಇದ್ದರೆ ಮೊದಲು ಅಲ್ಲಿನ ಉಷ್ಣಮಾಪಕವನ್ನು ನೋಡಿರಿ. ಅಂಕಿ 26ರ ಹತ್ತಿರವೇ ಇದ್ದು, ಉಸಿರಿನಲ್ಲಿ ಗೊರಗೊರ ಸದ್ದು ಕೇಳಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.